ಐದರಲ್ಲಿ ಎರಡು

ಕಲಿಸುವ ಮನಸ್ಸು: ಐದರಲ್ಲಿ ಎರಡು.
ಹೊಂದಾಣಿಕೆ: ಎರಡು. ಅದೂ ಧಾರಾಳವಾಗಿ.
ಹೀಗೆಂದು ಬರೆದುಕೊಂಡೆ ಮೊದಲ ವಾರ,
ಪೋರ್ಟೊದಿಂದ ಬಂದು, ಕೊರಳಿಗೆ ಸಂದರ್ಶಕಿಯ ಚೀಟಿ ತೂಗಿಕೊಂಡು,
ದಿಯೊಲಿಂದಾ ಎಂಬ ಹೆಂಗಸಿನ ಬಗ್ಗೆ.

ಬಿರಡೆ ಕಾರ್ಖಾನೆ. ಆರಿಸುವ ಕೋಣೆ.
ರಬ್ಬರು ಪಟ್ಟಿಯ ಮೇಲೆ ಸಾಲುಸಾಲು ಬಿರಡೆ,
ಮೊರದಲ್ಲಿ ಹುರಿಗಡಲೆ ಕೇರಿದ ಸದ್ದು.
ಅವಳ ಕಣ್ಣು ಕಿಟಕಿಯಾಚೆ ಲಾರಿಯ ಮೇಲೆ,
ಬೆರಳೆರಡು ಮಾತ್ರ ಇಳಿದು ಒಂದನ್ನು ಹೆಕ್ಕಿ ಬುಟ್ಟಿಗೆ ಹಾಕುತ್ತವೆ,
ಕ್ಯಾಮೆರಾ ಪಾಸು ಮಾಡಿದ್ದನ್ನು.
'ಹೇಗೆ ಗೊತ್ತಾಯಿತು?'
'ಗೊತ್ತಾಯಿತು.'
'ಏನು ನೋಡಿದಿರಿ?'
'ಬಿರಡೆ.'

ಪಕ್ಕದ ಸ್ಟೂಲಿನಲ್ಲಿ ಹತ್ತೊಂಬತ್ತರ ಸೊರಾಯಾ.
ಎರಡು ತಿಂಗಳಾಯಿತು, ಒಂದಕ್ಷರ ಹೇಳಿಕೊಟ್ಟಿಲ್ಲ.
'ಮುದುಕಿಗೆ ಹೊಟ್ಟೆಕಿಚ್ಚು,' ಅಂದರು ಕಾಫಿ ಕಲಕುತ್ತ
ಮ್ಯಾನೇಜರ್ ವಾಸ್ಕೊನ್ಸೆಲೊಸ್,
'ನಿಮ್ಮ ಮನಶ್ಶಾಸ್ತ್ರದಲ್ಲಿ ಅದಕ್ಕೊಂದು ಹೆಸರಿರಬೇಕಲ್ಲ?'
ಇತ್ತು. ಮೂರಿದ್ದವು.
ಒಂದು ನನ್ನ ನಾಲಗೆಯ ತುದಿಗೂ ಬಂದಿತ್ತು.

ನಮ್ಮ ವಿದ್ಯೆಯಲ್ಲೊಂದು ಹಳೆಯ ಉಪಾಯ:
ಗುಣ ಕೇಳಬೇಡ, ಒಂದು ದಿನವನ್ನು ಕೇಳು.
'ನೀವು ಎಂಥವರು' ಅಂದರೆ ಕದ ಮುಚ್ಚುತ್ತಾರೆ,
'ಆವತ್ತು ಏನಾಯಿತು' ಅಂದರೆ ತುಸುವೇ ಸರಿಸುತ್ತಾರೆ,
ಬೆಕ್ಕು ನುಸುಳುವಷ್ಟು.

'ಯಾರಿಗಾದರೂ ಕಲಿಸಿದ ಒಂದು ದಿನ ಹೇಳಿ.'
ಮೀನು ತುಂಬಿದ ಬ್ರೆಡ್ಡು ಬಾಯಿಯ ಹತ್ತಿರ ನಿಂತಿತು.

ತೊಂಬತ್ತೆರಡರ ಚಳಿಗಾಲ.
ಗ್ರಾಸಿಯೆತೆ, ಚಿಕ್ಕಮ್ಮನ ಮಗಳು.
ಬೆರಳಿಗೆ ಬೆರಳು ಹಚ್ಚಿ ಕಲಿಸಿದಳಂತೆ,
ಇದು ಹುಳು ಹೊಕ್ಕದ್ದು, ಇದು ಇನ್ನೂ ಹಸಿ,
ಇದು ಕಣ್ಣಿಗೆ ಸಿಗದ ಬೂಸ್ಟು, ಮೂಗಿಗೆ ಬಿಡು.
ಮಾರ್ಚಿನಲ್ಲಿ ಹೊಸ ಯಂತ್ರ ಬಂತು.
ಕೋಣೆಗೆ ಒಬ್ಬಳು ಸಾಕು ಅಂದರು.
ಕಲಿತವಳ ಕೂಲಿ ಕಡಿಮೆ, ಕಲಿಸಿದವಳದು ಜಾಸ್ತಿ.
ಆರು ವರ್ಷ ಹೋಟೆಲಿನ ಮೆಟ್ಟಿಲು ಒರೆಸಿ
ಮತ್ತೆ ಇದೇ ಕೋಣೆಗೆ ಬಂದಾಗ
ತನ್ನ ಬಾಯಿಗೆ ತಾನೇ ಬಿರಡೆ ಜಡಿದುಕೊಂಡು ಬಂದಳು.
'ನಾನು ಅವಳ ಮುಖ ನೋಡಬಲ್ಲೆ,' ಅಂದಳು,
'ಪಾಪ, ಅವಳಿಗೆ ನನ್ನದು ಆಗದು.'
ಬ್ರೆಡ್ಡು ಮುಗಿಸಿ ಕೈ ತೊಳೆದಳು.

ಅಜ್ಜ ನೆನಪಾದ. ಅಲೆಂತೇಜುವಿನಲ್ಲಿ ತೊಗಟೆ ಸುಲಿಯುವವನು.
ಸುಲಿದ ಮರದ ಕೆಂಪು ಮೈಮೇಲೆ ಬಿಳಿ ಬಣ್ಣದಲ್ಲಿ
ಇಸವಿಯ ಕೊನೆಯ ಅಂಕಿ ಬರೆಯುತ್ತಿದ್ದ.
ಇನ್ನು ಒಂಬತ್ತು ವರ್ಷ ಯಾರೂ ಇದನ್ನು ಕೇಳಕೂಡದು.
ಕೊಡಲಿ ಒಳಪದರಕ್ಕೆ ತಾಕಿದರೆ
ಮರ ಆ ಜಾಗದಲ್ಲಿ ಗಂಟು ಕಟ್ಟಿಕೊಂಡುಬಿಡುತ್ತದೆ,
ನೀನು ಕೊಡಲಿ ಬದಲಿಸಿ ಬಂದರೂ ಅದಕ್ಕೇನು ಗೊತ್ತು.

ಎರಡನ್ನು ಹೊಡೆದುಹಾಕಿದೆ. ಹೊಸ ಸಾಲು ಬರೆದೆ:
ನಂಬಿಕೆಗೆ ಅರ್ಹತೆ, ಕಂಪನಿ, ಐದರಲ್ಲಿ ಒಂದು.
ವಾಸ್ಕೊನ್ಸೆಲೊಸ್ ಹದಿನೈದು ದಿನ ಫೋನೆತ್ತಲಿಲ್ಲ.
ಆಮೇಲೆ ಚೌಕಾಸಿ. ಐದು ವರ್ಷ ಕೇಳಿದ್ದೆ,
ಕಲಿಸುವವಳ ಕುರ್ಚಿ, ಕೂಲಿ ಮುಟ್ಟುವುದಿಲ್ಲವೆಂದು
ನಾಲ್ಕು ವರ್ಷಕ್ಕೆ ಸಹಿ ಬಿತ್ತು.
ದಿಯೊಲಿಂದಾ ಎರಡು ಸಲ ಓದಿ
'ಮೊಹರೆಲ್ಲಿ?' ಅಂದಳು.

ಮೊಹರು ಬಿದ್ದ ಮರುದಿನವೂ ಕಲಿಸಲಿಲ್ಲ.
ಅದರ ಮರುದಿನವೂ.
ಗುರುವಾರ, ಸೊರಾಯಾ ಬಿಟ್ಟ ಒಂದನ್ನು ಹೆಕ್ಕಿ
ಹುಡುಗಿಯ ಅಂಗೈಗೆ ಇಟ್ಟಳು.
'ಕಣ್ಣು ಮುಚ್ಚು. ಮೂಸು.'
'ಏನೂ ಇಲ್ಲ.'
'ಇನ್ನೊಂದು ಸಲ.'
ತುಂಬ ಹೊತ್ತು.
'ಒದ್ದೆ ನಾಯಿ?'
'ನನಗೆ ನೆಲಮಾಳಿಗೆ. ನಿನಗೆ ನಾಯಿ.
ಇರಲಿ ಬಿಡು, ನಾಯಿಯೇ ಇರಲಿ.'

ಬಿರಡೆ ನನ್ನ ಕೈಗೂ ಬಂತು. ಮೂಸಿದೆ.
ಮರ. ಬರೀ ಮರ.
ಇಬ್ಬರೂ ನನ್ನನ್ನೇ ನೋಡುತ್ತಿದ್ದರು,
ಅಂಕ ಹಾಕುವವರ ಹಾಗೆ.